ಹಿಂಜವಾಡಿಯ ಜುಟ್ಟು, ಕೊರಿಯಾದ ಕತ್ತರಿ

ಪುಣೆಯ ಹಿಂಜವಾಡಿಯ ಕನ್ನಡಿಗರಲ್ಲಿ ಎರಡು ಪಂಗಡ. ಊರಿಗೆ ಹೋದಾಗ ಕಟಿಂಗ್ ಮಾಡಿಸುವವರು, ಕಟಿಂಗ್ ಮಾಡಿಸಿಕೊಂಡು ಊರಿಗೆ ಹೋಗುವವರು. ಮೊದಲ ಪಂಗಡವನ್ನು ಗುರುತಿಸುವುದು ಸುಲಭ. ಶುಕ್ರವಾರ ರಾತ್ರಿ ವಾಕಡದ ಹೆದ್ದಾರಿ ಬದಿಯಲ್ಲಿ ಬೆಳಗಾವಿ, ಹುಬ್ಬಳ್ಳಿ, ವಿಜಯಪುರದ ಬಸ್ಸಿಗೆ ಕಾಯುವಾಗ ಇವರ ಕಿವಿ ಕಾಣಿಸುವುದಿಲ್ಲ. ಸೋಮವಾರ ಬೆಳಿಗ್ಗೆ ಆಫೀಸಿನ ಲಿಫ್ಟಿನಲ್ಲಿ ಬರೀ ಕಿವಿಯೇ ಕಾಣಿಸುತ್ತದೆ. ಸಜ್ಜನರು, ಇವರ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಎರಡನೆಯ ಪಂಗಡದವರು ಈಚೆಗೆ ಕೊರಿಯನ್ ಸಲೂನಿಗೆ ಎಡತಾಕತೊಡಗಿದ್ದಾರೆ. ಹರಟೆಗೆ ಇವರೇ ಸರಿ.

"ಹಿಂಜವಾಡಿಯೊಳಗ ಕೊರಿಯಾದ ಕಟಿಂಗ್ ಅಂಗಡಿ ಏನು?" ಎಂದು ಧಾರವಾಡದಲ್ಲಿ ಕೂತವರು ಹುಬ್ಬೇರಿಸಬಹುದು. ನಿಧಾನ, ಹುಬ್ಬಿಗೆ ಬೇರೆ ರೇಟು. ಶರದ್ ಪವಾರ್ ಅವರೇ ಹೇಳಿಕೊಳ್ಳುವಂತೆ ಇದು ಸಕ್ಕರೆ ಕಾರ್ಖಾನೆ ಏಳಬೇಕಿದ್ದ ನೆಲ. ಅದನ್ನು ಪಕ್ಕಕ್ಕೆ ಸರಿಸಿ ಐಟಿ ಪಾರ್ಕ್ ತಂದರು. ಕಬ್ಬಿನ ಬದಲು ಕಂಪ್ಯೂಟರ್ ಬೆಳೆದ ಊರಿನಲ್ಲಿ ಕೊರಿಯಾದ ಕತ್ತರಿ ಚಿಗುರುವುದೇನು ದೊಡ್ಡದು? ಅದೂ ಅಲ್ಲದೆ ಕೊರಿಯನ್ನರು ಪುಣೆಗೆ ಬಂದದ್ದು ನಮ್ಮ ಜುಟ್ಟು ನೋಡಿ ಅಲ್ಲ. ರಾಂಜಣಗಾವಿನಲ್ಲಿ ಎಲ್‌ಜಿಯವರ ಕಾರ್ಖಾನೆ ಇದೆ. ತಳೇಗಾವಿನಲ್ಲಿ ಜನರಲ್ ಮೋಟರ್ಸ್ ಬಿಟ್ಟುಹೋದ ಕಾರಿನ ಕಾರ್ಖಾನೆಯನ್ನು ಕೊಳ್ಳಲು 2023ರಲ್ಲಿ ಹ್ಯುಂಡೈ ಒಪ್ಪಂದ ಮಾಡಿಕೊಂಡಿತು. ಎಂಜಿನಿಯರ್ ಬಂದ, ಅವನ ಹಿಂದೆ ಕಿಮ್ಚಿ ಬಂತು, ಕಿಮ್ಚಿಯ ಹಿಂದೆ ಕತ್ತರಿ. ಬೆಂಗಳೂರಿನಲ್ಲೂ ಹೀಗೇ ಆಯಿತು. ಆಂಧ್ರದ ಪೆನುಕೊಂಡದಲ್ಲಿ ಕಿಯಾ ಕಾರು ತಯಾರಾದರೆ, ಅದನ್ನು ತಯಾರಿಸುವವರು ಊಟಕ್ಕೂ ಕ್ಷೌರಕ್ಕೂ ಬೆಂಗಳೂರಿನ ಕಡೆಗೇ ಮುಖ ಮಾಡುತ್ತಾರೆ.

ಕನ್ನಡಿಗ ಪರಊರಿಗೆ ಹೋದರೆ ಮೊದಲು ಖಾನಾವಳಿ ಹುಡುಕುತ್ತಾನೆ. ಕೊರಿಯನ್ನನಿಗೆ ತನ್ನ ಕೂದಲಿನ ಹಟ ಬಲ್ಲವನೂ ಬೇಕು. ಅವರ ಕೂದಲು ದಪ್ಪ, ಅಡ್ಡ ಸೀಳಿದರೆ ಹೆಚ್ಚುಕಡಿಮೆ ದುಂಡು, ನೆಟ್ಟಗೆ ನಿಲ್ಲುವ ಸ್ವಭಾವ. ಕಿವಿಯ ಮೇಲೆ ಗಿಡ್ಡಗೆ ಕತ್ತರಿಸಿದರೆ ಮಲಗುವುದೇ ಇಲ್ಲ, ಅಡ್ಡಡ್ಡ ಚಾಚಿಕೊಳ್ಳುತ್ತದೆ. ಅದನ್ನು ಔಷಧಿ ಹಚ್ಚಿ ಒತ್ತಿ ಮಲಗಿಸುವುದಕ್ಕೆ ಡೌನ್ ಪರ್ಮ್ ಎನ್ನುತ್ತಾರೆ. ನಮ್ಮ ಹುಡುಗರ ಕೂದಲು ತಾನಾಗಿಯೇ ಮಲಗಿರುತ್ತದೆ, ಹಲವರದು ಶಾಶ್ವತವಾಗಿಯೇ ಮಲಗುವ ಹಾದಿಯಲ್ಲಿದೆ. ಆದರೂ ಬೇಕು. ಯಾಕೆಂದರೆ ರಾತ್ರಿ ಎರಡು ಗಂಟೆಯವರೆಗೆ ನೋಡಿದ ಧಾರಾವಾಹಿಯ ನಾಯಕ ಮಾಡಿಸಿಕೊಂಡಿದ್ದಾನೆ.

ಇಲ್ಲಿಂದ ತಮಾಷೆ ಶುರು. ಹಿಂಜವಾಡಿಯ ಜೀವ ವಾರವಿಡೀ ಸಾಗರದಾಚೆಯ ಗಿರಾಕಿಗೆ ಹೂಂಗುಟ್ಟುವ ಕೆಲಸದಲ್ಲಿರುತ್ತದೆ. ನಾಳೆ ಬೇಕೆಂದರೆ ಹೂಂ. ಮೊನ್ನೆ ಹೇಳಿದ್ದು ಬೇಡ, ಬೇರೆ ಮಾಡಿ ಎಂದರೂ ಹೂಂ. ಶನಿವಾರ ಸಲೂನಿನ ಕುರ್ಚಿಯಲ್ಲಿ ಕೂತೊಡನೆ ಅದೇ ಜೀವ ತಾನೇ ಗಿರಾಕಿಯಾಗಿ ಸೇಡು ತೀರಿಸಿಕೊಳ್ಳಲು ಹವಣಿಸುತ್ತದೆ. ಫೋನ್ ತೆಗೆದು ಮೂರು ಫೋಟೊ ತೋರಿಸುವುದು: ಮುಂದಿನಿಂದ ಇವನ ಹಾಗೆ, ಹಿಂದಿನಿಂದ ಅವನ ಹಾಗೆ, ಮೇಲೆ ಮಾತ್ರ ಹೋದ ವರ್ಷ ನಾನಿದ್ದ ಹಾಗೆ. ಇದಕ್ಕೆ ನಮ್ಮೂರಿನ ಅಂಗಡಿಯಲ್ಲಾದರೆ "ಆತು ಬಿಡ್ರಿ ಸರ, ಮಾಡೂಣು" ಎಂಬ ಉತ್ತರ ಸಿದ್ಧ. ಆಮೇಲೆ ಆತ ತನಗೆ ಬರುವ ಒಂದೇ ಕಟಿಂಗನ್ನು ಮಾಡಿ ಕಳಿಸುತ್ತಾನೆ, ಇಬ್ಬರಿಗೂ ಸಮಾಧಾನ.

ಕೊರಿಯನ್ ಕತ್ತರಿ ಹಿಡಿದಾಕೆ ಹಾಗೆ ಮಾಡುವುದಿಲ್ಲ. ಫೋಟೊವನ್ನು ಒಮ್ಮೆ ನೋಡುತ್ತಾಳೆ, ತಲೆಯನ್ನು ಹತ್ತು ನಿಮಿಷ ನೋಡುತ್ತಾಳೆ. ಸುಳಿ ಎಲ್ಲಿದೆ, ಹಣೆ ಎಷ್ಟಿದೆ, ಯಾವಾಗ ಬಣ್ಣ ಹಚ್ಚಿದ್ದು, ಮನೆಯಲ್ಲಿ ಎಷ್ಟು ದಿನಕ್ಕೊಮ್ಮೆ ತೊಳೆಯುವುದು, ಎಲ್ಲ ವಿಚಾರಣೆ. ಕೊನೆಗೆ ನಗುನಗುತ್ತಲೇ, ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಫೋನಿನ ಅನುವಾದದಲ್ಲಿ ತೀರ್ಪು ಕೊಡುತ್ತಾಳೆ: ಬೇಡ.

ಬೇಡ ಎಂದರೆ? ದುಡ್ಡು ಕೊಡುವವನಿಗೆ ಬೇಡವೇ? ಗದಗಿನ ಕಡೆಯ ನಮ್ಮ ಟೀಮ್ ಲೀಡ್ ಒಬ್ಬ ಇದನ್ನು ಕೇಳಿ ಅರ್ಧ ದಿನ ಮಾತು ಬಿಟ್ಟಿದ್ದ. ಅವನ ವೃತ್ತಿಜೀವನದಲ್ಲೇ ಯಾರೂ ಎದುರಿಗೆ ನಿಂತು ಆ ಶಬ್ದ ಆಡಿರಲಿಲ್ಲ. ನೆತ್ತಿಯ ಮೇಲೆ ಕೂದಲು ವಿರಳ, ಸುರುಳಿ ಮಾಡಿದರೆ ಬಿಳಿ ಚರ್ಮ ಇನ್ನಷ್ಟು ಕಾಣುತ್ತದೆ, ಗಿಡ್ಡಗೆ ಕತ್ತರಿಸುವುದೇ ಲೇಸು ಎಂದಳಂತೆ. ಅವನ ಹೆಂಡತಿ ಇದನ್ನೇ ವರ್ಷಗಟ್ಟಲೆ ಪುಕ್ಕಟೆ ಹೇಳಿದ್ದಳು. ಪುಕ್ಕಟೆ ಸಲಹೆಗೆ ಯಾವ ಕಾಲದಲ್ಲಿ ಬೆಲೆ ಇತ್ತು ಹೇಳಿ.

ಹೆಂಗಸರ ಕಡೆಗೆ ಬಂದರೆ ತಕರಾರಿನ ಮೂಲ ಮೆಹಂದಿ. ಮದುವೆಗೆಂದು, ಹಬ್ಬಕ್ಕೆಂದು, ನರೆ ಮುಚ್ಚಲೆಂದು ಹಚ್ಚಿದ್ದು. ಅಂಗಡಿಯಲ್ಲಿ ಸಿಗುವ ಕೆಲವು ಮೆಹಂದಿ ಪುಡಿಗಳಲ್ಲಿ ಲೋಹದ ಲವಣ ಬೆರೆತಿರುತ್ತದೆ. ಅದರ ಮೇಲೆ ಪರ್ಮಿಗೆ ಬಳಸುವ ಹೈಡ್ರೋಜನ್ ಪೆರಾಕ್ಸೈಡ್ ಬಿದ್ದರೆ ಕೂದಲು ಬಿಸಿಯೇರಿ ಹಾಳಾಗುವುದುಂಟು. ಹಾಗಾಗಿ ಮೆಹಂದಿ ಎಂದೊಡನೆ ಪರ್ಮ್ ಇಲ್ಲ. "ಬರೀ ಎಲೆ ಅರದು ಹಚ್ಚೀನ್ರಿ, ನಮ್ಮ ಅಜ್ಜಿ ಕಾಲದ್ದು" ಎಂದು ಎಷ್ಟು ಗೋಗರೆದರೂ ಕತ್ತರಿ ಅಲುಗುವುದಿಲ್ಲ. ಹೊರಗೆ ಬಂದು ಇವರು "ಸರ್ವಿಸ್ ಚಲೋ ಇಲ್ಲ" ಎನ್ನುತ್ತಾರೆ. ನನ್ನನ್ನು ಕೇಳಿದರೆ ಅಷ್ಟು ದುಬಾರಿ ಅಂಗಡಿಯಲ್ಲಿ ದುಡ್ಡಿಗೆ ತಕ್ಕ ಸರ್ವಿಸ್ ಎಂದರೆ ಅದೊಂದೇ. ನಮ್ಮ ಇಡೀ ಐಟಿ ಪಾರ್ಕಿನಲ್ಲಿ ಮೂರೂ ಫೇಸ್ ಸುತ್ತಿದರೂ ಗಿರಾಕಿಗೆ ಬೇಡ ಎನ್ನಬಲ್ಲ ಇನ್ನೊಬ್ಬರನ್ನು ತೋರಿಸಿ ನೋಡೋಣ.

ಹೂಂ ಎಂದರೂ ಸುಖವಿಲ್ಲ. ಪರ್ಮ್ ಎಂದರೆ ಮೂರು ನಾಲ್ಕು ಗಂಟೆಯ ವ್ರತ. ಕೂದಲಿನೊಳಗೆ ಗಂಧಕದ ಕೊಂಡಿಗಳಿವೆ, ಅವೇ ಅದರ ಆಕಾರ ಹಿಡಿದಿಡುವುದು. ಒಂದು ದ್ರಾವಣ ಹಚ್ಚಿ ಆ ಕೊಂಡಿ ಬಿಡಿಸಬೇಕು, ಬಿಸಿ ಸರಳಿಗೆ ಸುತ್ತಬೇಕು, ಇನ್ನೊಂದು ದ್ರಾವಣದಿಂದ ಹೊಸ ಜಾಗದಲ್ಲಿ ಕೊಂಡಿ ಹಾಕಬೇಕು. ಮಧ್ಯದಲ್ಲಿ ತಲೆಯಿಂದ ವೈರುಗಳು ಯಂತ್ರಕ್ಕೆ ನೇತಾಡುತ್ತಿರುವಾಗ ಮ್ಯಾನೇಜರ್ ವಿಡಿಯೊ ಕಾಲ್ ಮಾಡಿದರೆ ಕ್ಯಾಮೆರಾ ಕೆಟ್ಟಿದೆ ಎನ್ನಬೇಕು. ಈ ಡಿಜಿಟಲ್ ಪರ್ಮ್ ಹುಟ್ಟಿದ್ದು ಜಪಾನಿನಲ್ಲಿ, ಹೆಸರು ಮಾಡಿದ್ದು ಕೊರಿಯಾದಲ್ಲಿ. ಇದರ ಮುತ್ತಜ್ಜ ಇನ್ನೂ ರಸಿಕ. ಕಳೆದ ಶತಮಾನದ ಆರಂಭದಲ್ಲಿ ಲಂಡನ್ನಿನಲ್ಲಿದ್ದ ಕಾರ್ಲ್ ನೆಸ್ಲರ್ ಎಂಬ ಜರ್ಮನ್ ಕ್ಷೌರಿಕ, ಕಾದ ಸರಳುಗಳ ಪ್ರಯೋಗವನ್ನು ಮೊದಲು ಸ್ವಂತ ಹೆಂಡತಿಯ ತಲೆಯ ಮೇಲೆ ಮಾಡಿದ. ಆರಂಭದಲ್ಲಿ ಆಕೆಯ ಕೂದಲು ಸುಟ್ಟೇಹೋಯಿತಂತೆ. ದ್ರಾವಣಕ್ಕೆ ಗೋಮೂತ್ರ ಬಳಸಿದ್ದನೆಂದೂ ಹೇಳುತ್ತಾರೆ. ನಮ್ಮ ಸೊಸೈಟಿಯ ಹಿರಿಯರೊಬ್ಬರಿಗೆ ಈ ಸಂಗತಿ ತಿಳಿದಾಗಿನಿಂದ ಪರ್ಮ್ ಮೂಲತಃ ನಮ್ಮದೇ ಎಂದು ವಾದಿಸುತ್ತಿದ್ದಾರೆ.

ನಾಲ್ಕು ಗಂಟೆ ಕೂರುವುದು ಹೇಗೆ ಎಂದು ಊರಿನವರು ಕೇಳುತ್ತಾರೆ. ಹಿಂಜವಾಡಿಯವರಿಗೆ ಅದು ಪ್ರಶ್ನೆಯೇ ಅಲ್ಲ. ಶಿವಾಜಿ ಚೌಕದಿಂದ ವಾಕಡ ಸೇತುವೆ ದಾಟುವುದರಲ್ಲಿ ಗಡ್ಡ ಬೆಳೆಸಿಕೊಂಡ ಜನ ನಾವು. ಶಿವಾಜಿನಗರದವರೆಗಿನ 23 ಕಿಲೊಮೀಟರ್ ಮೆಟ್ರೊಗೆ 2018ರ ಡಿಸೆಂಬರಿನಲ್ಲಿ ಶಂಕುಸ್ಥಾಪನೆ ಆಯಿತು. ಆ ದಿನ ಬೋಳಿಸಿಕೊಂಡ ತಲೆಯ ಕೂದಲು, ತಿಂಗಳಿಗೊಂದು ಸೆಂಟಿಮೀಟರ್ ಮೇಲೆ ಚೂರು ಬೆಳೆದರೂ, ಎರಡೇ ವರ್ಷದಲ್ಲಿ ಹೆಗಲು ಮುಟ್ಟಿತು. ಕಂಬಗಳ ಕೆಳಗೆ ಟ್ರಾಫಿಕ್ಕಿನಲ್ಲಿ ನಿಂತವರು ಅದಾದ ಮೇಲೂ ನಿಂತೇ ಇದ್ದರು. ಸಲೂನಿನಲ್ಲಿ ಕನಿಷ್ಠ ಎ.ಸಿ. ಇದೆ, ಬಾರ್ಲಿ ಚಹಾ ಕೊಡುತ್ತಾರೆ, ಹಿಂದಿನವನು ಹಾರ್ನ್ ಹೊಡೆಯುವುದಿಲ್ಲ.

ಮನೆಗೆ ಬಂದ ಮೇಲೆ ನಿಜವಾದ ಪರೀಕ್ಷೆ. ಎರಡು ದಿನ ತಲೆಗೆ ನೀರು ಸೋಕಿಸಬಾರದು ಎಂದು ಕೊರಿಯಾದ ಕಟ್ಟಪ್ಪಣೆ. ಊರಿಂದ ಬಂದ ಅಮ್ಮನದು ಶನಿವಾರದ ಎಣ್ಣೆಸ್ನಾನದ ಕಟ್ಟಪ್ಪಣೆ. ಹರಳೆಣ್ಣೆಯ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತ ತಾಯಿಗೆ ಗಂಧಕದ ಕೊಂಡಿಯ ಕಥೆ ಹೇಳಿ ಗೆದ್ದ ಮಗನನ್ನು ನಾನಂತೂ ಕಂಡಿಲ್ಲ. ಇದರ ಜೊತೆಗೆ ಟ್ಯಾಂಕರ್ ನೀರು. ಇಲ್ಲಿನ ಎತ್ತರದ ಕಟ್ಟಡಗಳಿಗೆ ಬೆಳಗಾಗುವುದೇ ಟ್ಯಾಂಕರಿನ ಹಾರ್ನಿಗೆ. ಆ ಗಡಸು ನೀರಿನಲ್ಲಿ ಸೋಪು ನೊರೆಯಾಗುವುದಿಲ್ಲ, ನಲ್ಲಿಯ ಬಾಯಿಗೆ ಸುಣ್ಣ ಕಟ್ಟುತ್ತದೆ. ಸಾವಿರಾರು ರೂಪಾಯಿಯ ಸುರುಳಿ ಮೂರನೆಯ ಸ್ನಾನಕ್ಕೆ ತೆಂಗಿನ ನಾರಾದಾಗ ಬೈಸಿಕೊಳ್ಳುವವರು ಮಾತ್ರ ಕೊರಿಯಾದವರು.

ರೇಟಿನ ಮಾತು ಬಂತು. ಊರಿನಲ್ಲಿ ಕಟಿಂಗಿಗೆ ಒಂದೇ ದರ, ತಲೆ ಎಷ್ಟೇ ದೊಡ್ಡದಿರಲಿ. ಇಲ್ಲಿ ಗಲ್ಲದವರೆಗೆ ಇಷ್ಟು, ಹೆಗಲಿನವರೆಗೆ ಅಷ್ಟು, ಬೆನ್ನಿಗಿಳಿದರೆ ಕೇಳಬೇಡಿ. ಮೊಣಕಾಲುದ್ದ ಜಡೆಯ ನಮ್ಮ ಕಲಬುರಗಿಯ ಅತ್ತೆ ಬಂದರೆ ಫ್ಲ್ಯಾಟ್ ಅಡವಿಡಬೇಕಾದೀತು. ಇ.ಎಂ.ಐ. ಕಟ್ಟಿ ಉಳಿದದ್ದರಲ್ಲಿ ಹೊಟ್ಟೆಗೆ ಹಿಟ್ಟಿದೆಯೋ ಇಲ್ಲವೋ, ಜುಟ್ಟಿಗೆ ಮಲ್ಲಿಗೆಯ ಖರ್ಚು ಮಾತ್ರ ತಪ್ಪುವುದಿಲ್ಲ.

ಆದರೆ ಕೂದಲೆಂದರೆ ಚಿಲ್ಲರೆ ವಿಷಯ ಎನ್ನುವವರು ಕೊರಿಯಾದ ಇತಿಹಾಸ ನೋಡಬೇಕು. ಅಲ್ಲಿ ಮದುವೆಯಾದ ಗಂಡಸರು ನೆತ್ತಿಯ ಮೇಲೆ ಜುಟ್ಟು ಕಟ್ಟುತ್ತಿದ್ದರು. ತಂದೆತಾಯಿ ಕೊಟ್ಟ ಮೈಯನ್ನೂ ಕೂದಲನ್ನೂ ಕೆಡಿಸಬಾರದೆಂಬುದು ಕನ್‌ಫ್ಯೂಷಿಯಸ್ ಪಂಥದ ನಂಬಿಕೆ. 1895ರ ಕೊನೆಯಲ್ಲಿ ಜಪಾನಿನ ಒತ್ತಡದ ನಡುವೆ ಅರಸ ಗೋಜೊಂಗ್ ಹೆಸರಿನಲ್ಲಿ ಜುಟ್ಟು ಕತ್ತರಿಸುವ ಆಜ್ಞೆ ಹೊರಟಿತು. ಜನ ದಂಗೆ ಎದ್ದರು. 1970ರ ದಶಕದಲ್ಲಿ ದಕ್ಷಿಣ ಕೊರಿಯಾದ ಅಧ್ಯಕ್ಷ ಪಾರ್ಕ್ ಚುಂಗ್-ಹೀ ಕಾಲಕ್ಕೆ ಪೊಲೀಸರು ಬೀದಿಯಲ್ಲಿ ಉದ್ದ ಕೂದಲಿನ ಹುಡುಗರನ್ನು ಹಿಡಿದು ಕತ್ತರಿ ಆಡಿಸುತ್ತಿದ್ದರು. ಅದೇ ಕಾಲದಲ್ಲಿ ಆ ದೇಶ ವಿಗ್ ರಫ್ತು ಮಾಡಿ ಡಾಲರ್ ಗಳಿಸುತ್ತಿತ್ತು. ಮಗನ ಕೂದಲು ಅಪರಾಧ, ಮಗಳು ನೇಯ್ದ ಕೂದಲು ವಿದೇಶಿ ವಿನಿಮಯ! 1979ರ ಆಗಸ್ಟಿನಲ್ಲಿ ವೈ.ಎಚ್. ಟ್ರೇಡಿಂಗ್ ಎಂಬ ವಿಗ್ ಕಂಪನಿಯ ಹೆಣ್ಣುಮಕ್ಕಳು, ಕಾರ್ಖಾನೆ ಮುಚ್ಚಿದ್ದಕ್ಕೆ ಸೋಲ್‌ನ ವಿರೋಧ ಪಕ್ಷದ ಕಚೇರಿಯಲ್ಲಿ ಧರಣಿ ಕೂತರು. ಪೊಲೀಸರು ನುಗ್ಗಿ ಎಳೆದರು, ಒಬ್ಬಾಕೆ ಸತ್ತಳು. ಆಗ ಎದ್ದ ರಾಜಕೀಯ ಬಿರುಗಾಳಿ ಅಡಗುವ ಮೊದಲೇ, ಅಕ್ಟೋಬರಿನಲ್ಲಿ, ಪಾರ್ಕ್ ತನ್ನದೇ ಗುಪ್ತಚರ ಮುಖ್ಯಸ್ಥನ ಗುಂಡಿಗೆ ಬಲಿಯಾದ.

ಹಾಗೆ ನೋಡಿದರೆ ನಾವೂ ಕೂದಲಿನಲ್ಲಿ ಹಿಂದುಳಿದವರಲ್ಲ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಕೂದಲು ಬಿಡಿಸುವುದು, ಬಾಚುವುದು, ಉದ್ದ ನೋಡಿ ಕಟ್ಟು ಕಟ್ಟುವುದೇ ಸಾವಿರಾರು ಮನೆಗಳ ಅನ್ನ. ಓಣಿಯಲ್ಲಿ ಪಿನ್ನು, ಪಾತ್ರೆ ಹಿಡಿದು ಕೂಗುತ್ತ ಬರುವವರಿಗೆ ನಮ್ಮ ತಾಯಂದಿರು ಗೋಡೆಯ ಸಂದಿಯಿಂದ ತೆಗೆದುಕೊಡುವ ಬಾಚಣಿಗೆಯ ಉಂಡೆಗಳು ಅಂಥಲ್ಲಿಗೆ ಸೇರಿ, ಅಲ್ಲಿಂದ ಹಡಗು ಹತ್ತುತ್ತವೆ. ಎಲ್ಲಮ್ಮನ ಮನೆಯ ಉದುರುಗೂದಲು ಯಾವ ದೇಶದ ನಟಿಯ ಹಣೆಯ ಮೇಲೆ ಬೀಳುತ್ತಿದೆಯೋ, ಅವಳ ಫೋಟೊ ಹಿಡಿದು ಎಲ್ಲಮ್ಮನ ಮೊಮ್ಮಗಳು ಹಿಂಜವಾಡಿಯಲ್ಲಿ ಕೂತಿರುತ್ತಾಳೋ, ಬಲ್ಲವರಾರು.

ಎಲ್ಲ ಗೊಣಗಾಟದ ನಡುವೆ ಒಂದು ವಿಷಯದಲ್ಲಿ ಮಾತ್ರ ಒಮ್ಮತ: ತಲೆ ತೊಳೆಯುವುದು. ಬೆನ್ನ ಮೇಲೆ ಮಲಗಿಸಿ, ಕಣ್ಣಿಗೆ ಬಟ್ಟೆ ಹಾಕಿ, ನೀರು ಬಿಸಿಯಾಯಿತೇ ಎಂದು ಕೇಳಿ ಕೇಳಿ, ಬೆರಳ ತುದಿಯಿಂದ ನೆತ್ತಿ ಒತ್ತುತ್ತಾರೆ. ಗೊರಕೆ ಹೊಡೆಯದೆ ಎದ್ದವರಿಲ್ಲ. ಹುಬ್ಬಳ್ಳಿಯ ಚಂಪಿ ಇದಕ್ಕಿಂತ ಗಟ್ಟಿ ಎಂದು ಕೆಲವರ ವಾದ. ಕತ್ತು ಲಟಕ್ಕೆನ್ನಿಸುವ ಆ ಕೊನೆಯ ತಿರುವು ಇಲ್ಲಿ ಸಿಗದು, ನಿಜ. ಜೀವಭಯವಿಲ್ಲದ ಮಸಾಜು ಕೆಲವರಿಗೆ ಸಪ್ಪೆಯೇ.

ವಿಜಯಪುರದ ನಮ್ಮ ಗೆಳೆಯ ಮೊದಲ ಸಲ ಹೋಗಿ ಬಂದ. ಎರಡೂ ಕಡೆ ಒಪ್ಪವಾಗಿ ಇಳಿದ ಕಟಿಂಗು, ಹಣೆಗೆ ಸಣ್ಣ ಅಲೆ, ಹತ್ತು ವರ್ಷ ಕಡಿಮೆಯಾದಂತಿದ್ದ. ಎಲ್ಲರೂ ಸುತ್ತುವರಿದು ಹೇಗಿತ್ತು ಎಂದು ಕೇಳಿದೆವು. ಕನ್ನಡಿಯಲ್ಲಿ ಮತ್ತೊಮ್ಮೆ ನೋಡಿಕೊಂಡು, ಬೇಸರದಿಂದ ಅಂದ:

"ಎಲ್ಲಾ ಚಲೋ ಐತ್ರಿ. ಆದ್ರ ಮೂರು ತಾಸಿನ್ಯಾಗ ಎಲೆಕ್ಷನ್ ಬಗ್ಗೆ ಒಂದು ಮಾತ್ ಆಡ್ಲಿಲ್ಲ ನೋಡ್ರಿ ಆಕಿ. ಅದಕ್ಕರ ಒಂದಿಷ್ಟು ರೊಕ್ಕಾ ಕಡಿಮಿ ಮಾಡ್ಬೇಕಿತ್ತು."