ದಾಖಲೆ ಕೊಠಡಿಯವರ ಸನ್ನಿಧಿಗೆ ಒಂದು ಬಿನ್ನಹ

ಗೆ,
ಪರಮಪೂಜ್ಯ ದಾಖಲೆ ಕೊಠಡಿಯವರು,
ಮೆಟ್ಟಿಲ ಕೆಳಗೆ, ಜನರೇಟರ್ ಪಕ್ಕ,
ಮೈಸೂರು.

ವಿಷಯ: ತೀರಿಹೋದ ನನ್ನ ಸೋದರತ್ತೆಯವರು ತೀರಿಹೋಗಿದ್ದಾರೆಂದು ತಾವು ಒಪ್ಪಿಕೊಳ್ಳುವ ಕುರಿತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಕುವೆಂಪುನಗರದ ಅನಿಕೇತನ ರಸ್ತೆಯ ಆಸುಪಾಸಿನಲ್ಲಿ ಸ್ವಂತ ಮನೆ ಕಟ್ಟಿಕೊಂಡು, ಪಿಂಚಣಿಯ ಮೇಲೆ ಕಾಲ ಹಾಕುತ್ತಿರುವ ನಾನು ತಮ್ಮ ಪಾದಗಳಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ಯಾವ ಕಚೇರಿಗೆ ಸೇರಿದವರೆಂದು ಈ ಪತ್ರದಲ್ಲಿ ಎಲ್ಲಿಯೂ ಬರೆಯುವುದಿಲ್ಲ. ಹೆದರಿಕೆಯಿಂದಲ್ಲ, ಭಕ್ತಿಯಿಂದ. ಕಂದಾಯದವರಾಗಲಿ, ನೋಂದಣಿಯವರಾಗಲಿ, ಜನನ ಮರಣದವರಾಗಲಿ, ತಮ್ಮಲ್ಲಿ ಭೇದವೆಣಿಸುವ ಯೋಗ್ಯತೆ ನನಗಿಲ್ಲ. ಎಲ್ಲೆಡೆಯೂ ಅದೇ ಕೆಂಪು ಬಟ್ಟೆಯ ಗಂಟು, ಅದೇ ನುಸಿಗುಳಿಗೆಯ ಘಾಟು, ಏಣಿಗೆ ಬದಲಾಗಿ ಅದೇ ಮೂರು ಕಾಲಿನ ಸ್ಟೂಲು.

ನನ್ನದು ಸಣ್ಣ ವಿಚಾರ. ನರಸೀಪುರ ತಾಲ್ಲೂಕಿನಲ್ಲಿ ನಮ್ಮ ತಾತನ ಹೆಸರಿನಲ್ಲೇ ಉಳಿದುಹೋದ ಒಂದಿಷ್ಟು ಗದ್ದೆಗೆ ಪೌತಿ ಖಾತೆ ಆಗಬೇಕು. ಅದಕ್ಕೆ ವಂಶವೃಕ್ಷ ಬೇಕು. ವಂಶವೃಕ್ಷದಲ್ಲಿ ಸೋದರತ್ತೆಯ ಹೆಸರಿದೆ. ಆಕೆ ಇದ್ದರೆ ಆಕೆಯ ರುಜು, ಇಲ್ಲದಿದ್ದರೆ ಆಕೆ ಇಲ್ಲವೆಂಬುದಕ್ಕೆ ಪತ್ರ. ಮಿಲ್ಲಿನ ಕೆಲಸಗಾರರೊಬ್ಬರನ್ನು ಮದುವೆಯಾಗಿ ಮೈಸೂರಿಗೆ ಬಂದ ಅತ್ತೆಗೆ ಮಕ್ಕಳಾಗಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಇಲ್ಲೇ ತೀರಿಕೊಂಡರು. ತಿಥಿ ನಮಗೆಲ್ಲ ಬಾಯಿಪಾಠ: ಭೀಮನ ಅಮಾವಾಸ್ಯೆಯ ಹಿಂದಿನ ದಿನ. ಇಸವಿಯನ್ನು ಮಾತ್ರ ಮನೆಯ ಮೂವರು ಹಿರಿಯರು ಮೂರು ಥರ ಹೇಳುತ್ತಾರೆ, ಮೂವರೂ ಆಣೆ ಇಟ್ಟು ಹೇಳುತ್ತಾರೆ.

ತಮ್ಮ ಔದಾರ್ಯಕ್ಕೆ ಮೊದಲು ವಂದನೆ ಸಲ್ಲಿಸಿಬಿಡುತ್ತೇನೆ. 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಕಲಂ ಎಂಥ ಉದಾತ್ತವಾದದ್ದು! ಯಾರು ಬೇಕಾದರೂ ಶುಲ್ಕ ಕಟ್ಟಿ ರಿಜಿಸ್ಟರಿನಲ್ಲಿ ಯಾವ ನಮೂದನ್ನು ಬೇಕಾದರೂ ಹುಡುಕಿಸಬಹುದು, ನಕಲು ಪಡೆಯಬಹುದು. ಸಾವಿನ ಕಾರಣವನ್ನು ಮಾತ್ರ ನಕಲಿನಲ್ಲಿ ಕಾಣಿಸಕೂಡದು, ಅದು ಸತ್ತವರ ಮಾನದ ಪ್ರಶ್ನೆ. ಈ ಕಲಮನ್ನು ನಾನು ಕಿಟಕಿಯಲ್ಲಿ ಭಕ್ತಿಯಿಂದ ಓದಿ ಹೇಳಿದಾಗ ತಮ್ಮ ಕೇಸ್‌ವರ್ಕರ್ ಅಷ್ಟೇ ಭಕ್ತಿಯಿಂದ ಕೇಳಿಸಿಕೊಂಡರು. "ಎಲ್ಲಾ ಸರಿ ಸಾರ್, ತಾರೀಕು ಹೇಳಿ" ಅಂದರು. ತಾರೀಕು ಗೊತ್ತಾಗಲೆಂದೇ ಹುಡುಕಿಸುತ್ತಿರುವುದು ಅಂದೆ. "ತಾರೀಕಿಲ್ದೆ ಹುಡುಕಕ್ಕಾಗಲ್ಲ" ಅಂದರು. ವೇದಾಂತದಲ್ಲಿ ಇಷ್ಟು ನೇರವಾದ ಮಾತನ್ನು ನಾನು ಓದಿಲ್ಲ.

ಆದರೂ ಒಂದು ಮಧ್ಯಾಹ್ನ, ಸಾಹೇಬರು ಮೀಟಿಂಗಿಗೆ ಹೋದ ಹೊತ್ತಿನಲ್ಲಿ, ತಮ್ಮ ಅಟೆಂಡರ್ ದಯೆ ತೋರಿ 1978ರ ರಿಜಿಸ್ಟರನ್ನು ಇಳಿಸಿಕೊಟ್ಟರು. ಆ ದರ್ಶನದ ಪುಣ್ಯವನ್ನು ನಾನು ಮರೆಯಲಾರೆ. ರಟ್ಟು ಕಿತ್ತು, ಬೆನ್ನಿನ ದಾರ ಹೊರಗೆ ನೇತಾಡುತ್ತಿತ್ತು. ಜುಲೈ, ಆಗಸ್ಟಿನ ಹಾಳೆಗಳ ಎಡಭಾಗವನ್ನು ಗೆದ್ದಲು ಅಚ್ಚುಕಟ್ಟಾಗಿ ಮುಗಿಸಿತ್ತು. ಕ್ರಮಸಂಖ್ಯೆ ಇಲ್ಲ, ತಾರೀಕಿಲ್ಲ, ಮೃತರ ಹೆಸರಿಲ್ಲ. ಬಲಗಡೆ ಉಳಿದದ್ದು ಒಂದೇ ಕಾಲಂ: "ಕಾಮಾಲೆ", "ವಾಂತಿಭೇದಿ", "ಹೆರಿಗೆಯಲ್ಲಿ", "ಮುಪ್ಪಿನಿಂದ". ನೀಲಿ ಮಸಿ, ಗುಂಡು ಅಕ್ಷರ, ಒಂದೂ ತಪ್ಪಿಲ್ಲ. ಕಾನೂನು ಯಾವುದನ್ನು ಮುಚ್ಚಿಡಬೇಕೆಂದಿತೋ ಅದೊಂದನ್ನು ಉಳಿಸಿ, ಯಾವುದನ್ನು ಕೊಡಬೇಕೆಂದಿತೋ ಅಷ್ಟನ್ನೂ ತಿಂದ ಆ ಗೆದ್ದಲಿಗೂ ತಮ್ಮಲ್ಲೇ ತರಬೇತಿ ಆಗಿರಬೇಕು. ನಮ್ಮತ್ತೆ ಆ ಪುಟದಲ್ಲಿದ್ದರೆ ಯಾವುದೋ ಒಂದು ಕಾಯಿಲೆಯಾಗಿ ಇದ್ದಾರೆ. ಯಾವುದೆಂದು ಹೇಗೆ ಹೇಳಲಿ?

ಇನ್ನು ಹೆಸರು. ನಮ್ಮತ್ತೆಯನ್ನು ಮನೆಯಲ್ಲಿ ಲಕ್ಷ್ಮಮ್ಮ ಅಂದರು, ಗಂಡನ ಮನೆಯಲ್ಲಿ ಲಕ್ಷ್ಮೀದೇವಮ್ಮ ಅಂದರು, ಓಣಿಯವರು ಲಕ್ಕಮ್ಮ ಅಂದರು. ಬೇರೆ ವರ್ಷಗಳ ರಿಜಿಸ್ಟರಿನಲ್ಲಿ ಕಣ್ಣಾಡಿಸಿದಾಗ ಗೊತ್ತಾಯಿತು, ಎಷ್ಟೋ ಹೆಂಗಸರಿಗೆ ಅಷ್ಟು ಹೆಸರೂ ಇಲ್ಲ, ಇಂಥವರ ಹೆಂಡತಿ ಎಂದರೆ ಮುಗಿಯಿತು. ಇದು ತಮ್ಮೊಬ್ಬರ ಸಂಪ್ರದಾಯವಲ್ಲ ಬಿಡಿ. 1951-52ರ ಮೊದಲ ಮಹಾಚುನಾವಣೆಗೆ ಪಟ್ಟಿ ಮಾಡುವಾಗ ಉತ್ತರದ ಕೆಲವು ರಾಜ್ಯಗಳಲ್ಲಿ ಹೆಂಗಸರು ಸ್ವಂತ ಹೆಸರು ಹೇಳದೆ ಇಂಥವರ ತಾಯಿ, ಇಂಥವರ ಹೆಂಡತಿ ಎಂದೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ, ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಬಿಟ್ಟುಹೋದರು. ಸೇನ್ ಹಟ ಹಿಡಿದದ್ದು ಮುಂದಿನ ಸಲವಾದರೂ ಹೆಸರು ಬರಲಿ ಎಂದು. ನಮ್ಮತ್ತೆಗೆ ಮುಂದಿನ ಸಲ ಎಲ್ಲಿಂದ ಬರಬೇಕು ಸ್ವಾಮಿ?

ಹೆಸರು ಉಳಿದವರೂ ಇದ್ದಾರೆ. ನಮ್ಮೂರ ಕೆರೆಯ ಏರಿಯ ಮೇಲೆ ಒಂದು ವೀರಗಲ್ಲಿದೆ. ತುರು ಬಿಡಿಸಲು ಹೋಗಿ ಸತ್ತವನದು. ಅಂಥ ಎಷ್ಟೋ ಕಲ್ಲುಗಳಲ್ಲಿ ಸತ್ತವನ ಹೆಸರು, ಯಾವ ಅರಸನ ಕಾಲ, ಹೇಗೆ ಸತ್ತ ಎಲ್ಲವೂ ಇರುತ್ತದೆ. ಬಿ.ಎಲ್. ರೈಸ್ ಸಾಹೇಬರು ಮೈಸೂರು ಸೀಮೆಯ ಶಾಸನಗಳನ್ನೆಲ್ಲ ಪ್ರತಿ ಮಾಡಿಸಿ ಎಪಿಗ್ರಾಫಿಯಾ ಕರ್ನಾಟಿಕಾ ಎಂದು ಅಚ್ಚು ಹಾಕಿಸುವಾಗ ನಮ್ಮ ನರಸೀಪುರ ತಾಲ್ಲೂಕಿನವು 1894ರ ಮೂರನೇ ಸಂಪುಟಕ್ಕೆ ಹೋದವು. ಸಾವಿರ ವರ್ಷದ ಹಿಂದೆ ದನ ಬಿಡಿಸಲು ಹೋಗಿ ಸತ್ತವರನ್ನು ಎಂ.ಎ. ಹುಡುಗರು ಈಗಲೂ ಹೆಸರು ಹಿಡಿದು ಮಾತಾಡಿಸುತ್ತಾರೆ. ನಮ್ಮತ್ತೆ ತಮ್ಮ ಕಾಲದಲ್ಲಿ ಸತ್ತದ್ದೇ ತಪ್ಪಾಯಿತು.

ತಾವು ಬರಿಗೈಯಲ್ಲಿ ಕಳಿಸುವವರಲ್ಲ, ಅದನ್ನೂ ಹೇಳಬೇಕು. ಸಿಗದಿದ್ದರೆ ಸಿಗಲಿಲ್ಲವೆಂದು ಸೀಲು ಒತ್ತಿ ಅಲಭ್ಯತಾ ಪ್ರಮಾಣಪತ್ರ ಕೊಡುತ್ತೀರಿ. ಅದನ್ನು ಹಿಡಿದು ಕಾಯ್ದೆಯ 13(3)ನೇ ಕಲಮಿನಂತೆ ಮ್ಯಾಜಿಸ್ಟ್ರೇಟರ ಆದೇಶ ತಂದರೆ ತಡವಾದ ಸಾವನ್ನೂ ನೋಂದಾಯಿಸಬಹುದು. ಮೊದಲು ಕೋರ್ಟಿಗೆ ಹೋಗಬೇಕಿತ್ತು, 2023ರ ತಿದ್ದುಪಡಿಯಾದ ಮೇಲೆ ಕಂದಾಯದ ಅಧಿಕಾರಿಗಳ ಹತ್ತಿರ. ದಾರಿ ಸಲೀಸಾಯಿತೆಂದು ಹಿಗ್ಗಿ ತಮ್ಮಲ್ಲಿಗೆ ಓಡಿಬಂದೆ. ಆದರೆ ರಿಜಿಸ್ಟರ್ ಶಿಥಿಲಾವಸ್ಥೆಯಲ್ಲಿರುವುದರಿಂದ ಹೆಸರು ಇದೆ ಎಂದು ಹೇಳಲಾಗುವುದಿಲ್ಲ, ಅದೇ ಕಾರಣಕ್ಕೆ ಇಲ್ಲ ಎಂದೂ ಹೇಳಲಾಗುವುದಿಲ್ಲ ಎಂದು ಹಿಂಬರಹ ದಯಪಾಲಿಸಿದಿರಿ. ಆ ಹಿಂಬರಹವನ್ನು ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದೇನೆ. ಗೆದ್ದಲಿನ ಮೇಲೆ ಈಗ ನನಗೂ ಭಯ.

ಆಮೇಲೆ ಮಾಹಿತಿ ಹಕ್ಕಿನ ಮೆಟ್ಟಿಲನ್ನೂ ಹತ್ತಿದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್, ಒಂದೇ ವಿಷಯ, 150 ಪದ ಮೀರಬಾರದು. ಕರ್ನಾಟಕದ ನಿಯಮ ಹಾಗಿದೆ. ನಮ್ಮತ್ತೆಯ ಇಡೀ ಬದುಕು 150 ಪದದಲ್ಲಿ ಆರಾಮಾಗಿ ಹಿಡಿಯಿತು, ಇನ್ನೂ ಜಾಗ ಉಳಿಯಿತು. ಉತ್ತರ ಬಂತು: ಕೇಳಿರುವ ಮಾಹಿತಿ ಮೂರನೇ ವ್ಯಕ್ತಿಗೆ ಸಂಬಂಧಿಸಿದ್ದು, ವೈಯಕ್ತಿಕ ಸ್ವರೂಪದ್ದು, ಕಲಂ 8(1)(ಜೆ) ಪ್ರಕಾರ ಕೊಡಲು ಬರುವುದಿಲ್ಲ. ನನ್ನನ್ನು ಕಂಕುಳಲ್ಲಿ ಹೊತ್ತು ದೇವರಾಜ ಮಾರುಕಟ್ಟೆ ಸುತ್ತಿಸಿ, ಬಾಳೆಹಣ್ಣು ಕೊಡಿಸಿದ ಮೂರನೇ ವ್ಯಕ್ತಿ. ಮೊದಲು ಆ ಕಲಮಿನಲ್ಲೇ, ಸಾರ್ವಜನಿಕ ಹಿತವಿದ್ದರೆ ಕೊಡಬಹುದೆಂಬ ಮಾತಿತ್ತು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಆ ಮಾತನ್ನು ಅಲ್ಲಿಂದ ಎತ್ತಿಬಿಟ್ಟಿತು. ಪರರ ಗುಟ್ಟನ್ನು ಕಾಯುವ ತಮ್ಮ ಈ ನಿಷ್ಠೆ ಕಂಡು ಕಣ್ಣು ತುಂಬಿಬಂತು. ನಾನು ಹೊಟ್ಟೆಯುರಿಯಿಂದ ಹೇಳುತ್ತಿಲ್ಲ, ನಿಜವಾಗಿಯೂ ತುಂಬಿಬಂತು.

ಏಕೆಂದರೆ ಅದೇ ವಾರ ಒಬ್ಬ ಹುಡುಗನಿಂದ ಫೋನು.

"ನಮಸ್ಕಾರ ಸಾರ್, ಕುವೆಂಪುನಗರ ತಾನೆ? ನಿಮ್ ತಾತನ ಗದ್ದೆದು ಪೌತಿ ಆಗಿಲ್ವಲ್ಲ ಸಾರ್. ಅತ್ತೇದು ಡೆತ್ ಸರ್ಟಿಫಿಕೇಟ್ ಒಂದು ನಿಂತೈತೆ, ಅಷ್ಟೇ. ಮಾಡಿಸ್ಕೊಡನಾ?"

ಯಾರಪ್ಪಾ ನೀನು ಅಂದೆ. ಹೆಸರು ಹೇಳಲಿಲ್ಲ. ನನ್ನದನ್ನೆಲ್ಲ ಹೇಳಿದ. ತಾತನ ಹೆಸರು, ಸರ್ವೆ ನಂಬರು, ಹಿಸ್ಸೆ, ವಿಸ್ತೀರ್ಣ, ಅದರಲ್ಲಿ ಎಷ್ಟು ಗುಂಟೆ ಬಿ ಖರಾಬು. ಖರಾಬಿನ ಲೆಕ್ಕ ನನಗೇ ಗೊತ್ತಿರಲಿಲ್ಲ, ಬರೆದುಕೊಂಡೆ. ಅತ್ತೆಯ ಗಂಡನ ಹೆಸರನ್ನೂ ಹೇಳಿದ, ಲಕ್ಷ್ಮೀದೇವಮ್ಮ ಅನ್ನುವುದೇ ದಾಖಲೆಯಲ್ಲಿರುವ ಹೆಸರು, ನಿಮ್ಮ ಅರ್ಜಿಯಲ್ಲಿ ಲಕ್ಷ್ಮಮ್ಮ ಅಂತ ಹಾಕಿದ್ದೀರಿ ಎಂದು ತಿದ್ದಿದ. ಕುವೆಂಪುನಗರದ ನನ್ನ ಮನೆಯ ಮೇಲೂ ಅವನಿಗೆ ಪ್ರೀತಿ: "ಥರ್ಟಿ ಫಾರ್ಟಿ, ಈಸ್ಟ್ ಫೇಸಿಂಗು, ಲೋನ್ ಕ್ಲಿಯರ್ ಆಗಿದೆ, ಒಳ್ಳೆ ರೇಟ್ ಬರ್ತದೆ."

ಈ ಮನೆಯ ದಾಖಲೆ ತೆಗೆಸಲು ನಾನು ಪಟ್ಟ ಪಾಡು ಆ ಹುಡುಗನಿಗೆ ಹೇಗೆ ಗೊತ್ತಾಗಬೇಕು? ನಮ್ಮ ಬಡಾವಣೆಯ ಮನೆಗಳಿಗೆ ಸೈಟ್ ನಂಬರ್ ಒಂದು, ಹಳೇ ಡೋರ್ ನಂಬರ್ ಒಂದು, ಹೊಸ ಡೋರ್ ನಂಬರ್ ಒಂದು, ತೆರಿಗೆಯ ಅಸೆಸ್‌ಮೆಂಟ್ ನಂಬರ್ ಒಂದು. ನಿವೇಶನ ಹಂಚುತ್ತಿದ್ದ ಸಿ.ಐ.ಟಿ.ಬಿ. ಕಾಲದ ಕಾಗದ ಬೇರೆ, 1988ರಲ್ಲಿ ಅದರ ಜಾಗಕ್ಕೆ ಮುಡಾ ಬಂದ ಮೇಲಿನ ಕಾಗದ ಬೇರೆ. ಋಣಭಾರ ಪತ್ರ ಕೇಳಿದರೆ ಕಂಪ್ಯೂಟರಿನಲ್ಲಿ ಸಿಗುವುದು 2004ರ ಏಪ್ರಿಲ್ 1ರಿಂದೀಚೆಗೆ. ಅದಕ್ಕಿಂತ ಹಿಂದಿನದಕ್ಕೆ ಮತ್ತೆ ಸ್ಟೂಲು, ಗಂಟು, "ನಾಳಿದ್ದು ಬನ್ನಿ". ನಿಜ ಹೇಳಬೇಕೆಂದರೆ ಸಾಕ್ಷಾತ್ ಕುವೆಂಪು ಅವರೇ ಬಂದರೂ ಕುವೆಂಪುನಗರದ ವಾಸಸ್ಥಳ ದೃಢೀಕರಣ ಅವರಿಗೆ ಸಿಗುತ್ತಿರಲಿಲ್ಲ. ಉದಯರವಿ ಮನೆ ಇರುವುದು ಒಂಟಿಕೊಪ್ಪಲಿನ ಕಡೆ, ನಮ್ಮಲ್ಲಿರುವುದು ಉದಯರವಿ ರಸ್ತೆ. ಸ್ಥಳ ಪರಿಶೀಲನೆ ಮಾಡಲಾಗಿ ಅರ್ಜಿದಾರರು ವಾಸವಿರುವುದು ಕಂಡುಬಂದಿಲ್ಲ ಎಂದು ತಾವು ಷರಾ ಬರೆಯುತ್ತಿದ್ದಿರಿ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಂಥವರಿಗೆ ತಾವು ಮನಸ್ಸು ಬಿಚ್ಚಿ ಮಾತಾಡುವುದು ಹೊಸದೇನೂ ಅಲ್ಲ. 2022ರ ನವೆಂಬರಿನಲ್ಲಿ, ಖಾಸಗಿ ಸಂಸ್ಥೆಯೊಂದರವರು ಬೆಂಗಳೂರಿನಲ್ಲಿ ಮತಗಟ್ಟೆ ಅಧಿಕಾರಿಗಳೆಂದು ಗುರುತಿನ ಚೀಟಿ ತೋರಿಸಿ ಮನೆಮನೆಯ ವಿವರ ಬರೆದುಕೊಂಡರೆಂಬ ಆರೋಪ ಎದ್ದು ರಂಪವಾಯಿತು. ಮರುವರ್ಷ ಅದೇ ಊರಿನಲ್ಲಿ ಆಸ್ತಿ ನೋಂದಣಿ ಮಾಡಿಸಿಕೊಂಡು ಬಂದವರ ಬ್ಯಾಂಕಿನ ದುಡ್ಡು ಆಧಾರ್ ಪಾವತಿಯ ದಾರಿಯಲ್ಲಿ ಸೋರಿಹೋಗಿ, ಅನುಮಾನ ನೋಂದಣಿ ಪತ್ರಗಳ ಮೇಲಿನ ಬೆರಳಚ್ಚಿನ ಕಡೆ ತಿರುಗಿತು. ಬೆರಳು ನಮ್ಮದು, ಭಾಗ್ಯ ಇನ್ನೊಬ್ಬರದು. ಮತದಾರರ ಪಟ್ಟಿಯನ್ನೇ ನೋಡಿ: ಹುಡುಕಲು ಬರುವಂತೆ ಅಕ್ಷರರೂಪದಲ್ಲಿ ಕೊಡಿ ಎಂದು ಕಾಂಗ್ರೆಸ್ಸಿನ ಕಮಲನಾಥ್ ಸುಪ್ರೀಂ ಕೋರ್ಟಿಗೆ ಹೋದರೆ, 2018ರ ಅಕ್ಟೋಬರಿನಲ್ಲಿ ಅರ್ಜಿ ವಜಾ ಆಯಿತು. ಹಾಗಾಗಿ ನನ್ನಂಥವನು ಪಟ್ಟಿಯ ಚಿತ್ರಗಳನ್ನು ಒಂದೊಂದೇ ದೊಡ್ಡದು ಮಾಡಿಕೊಂಡು ಕನ್ನಡಕ ಒರೆಸುತ್ತ ಕೂರಬೇಕು. ಚುನಾವಣೆ ಬಂದರೆ ಮಾತ್ರ ಎಲ್ಲ ಪಕ್ಷದ ಹುಡುಗರೂ ನನ್ನ ಹೆಸರು, ನನ್ನ ಹೆಂಡತಿಯ ಹೆಸರು, ಮತಗಟ್ಟೆ, ಕ್ರಮಸಂಖ್ಯೆ ಎಲ್ಲವನ್ನೂ ಚೀಟಿಯಲ್ಲಿ ಬರೆದು ಬಾಗಿಲಿಗೆ ತಂದುಕೊಡುತ್ತಾರೆ.

ಇನ್ನು 2024ರಲ್ಲಿ ತಾವು ಕರುಣಿಸಿದ ದರ್ಶನ! ಮೈಸೂರಿನ ಮುಡಾ ನಿವೇಶನಗಳ ವಿವಾದದಲ್ಲಿ ಕೆಸರೆಯ ಸರ್ವೆ ನಂಬರ್ 464 ಇಡೀ ರಾಜ್ಯಕ್ಕೆ ಬಾಯಿಪಾಠವಾಯಿತು. 3 ಎಕರೆ 16 ಗುಂಟೆ ಎಂದು ತರಕಾರಿ ಗಾಡಿಯವನೂ ಹೇಳುತ್ತಿದ್ದ. ದಶಕಗಳ ಹಿಂದಿನ ಡಿನೋಟಿಫಿಕೇಷನ್ ಪತ್ರಗಳು ಟೀವಿಯಲ್ಲಿ ಪುಟಪುಟವಾಗಿ ಹೊರಳಿದವು. ಅಂದು ಯಾರೂ ಶಿಥಿಲ ಅನ್ನಲಿಲ್ಲ. ತಮಗೆ ಮನಸ್ಸು ಬಂದರೆ ನೆನಪಿನ ಶಕ್ತಿ ಎಂಥದೆಂದು ಅಂದು ಕಣ್ಣಾರೆ ಕಂಡು ಕೈ ಮುಗಿದೆ.

ಈಗ ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಭೂ ಸುರಕ್ಷಾ ಯೋಜನೆಯಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರಂತೆ. ಬಹಳ ಸಂತೋಷ. ಗೆದ್ದಲು ಬಿಟ್ಟ ಭಾಗವೆಲ್ಲ ಇನ್ನು ಮುಂದೆ ಶಾಶ್ವತ.

ಆದಕಾರಣ ತಮ್ಮಲ್ಲಿ ನನ್ನ ಕಳಕಳಿಯ ವಿನಂತಿ ಇಷ್ಟೇ. ಅರ್ಜಿದಾರನು ಮೃತರ ಅಣ್ಣನ ಮಗ ಎಂಬ ಅನರ್ಹತೆಯನ್ನು ದಯಮಾಡಿ ಮನ್ನಿಸಬೇಕು. ಈ ಕುಟುಂಬಕ್ಕೂ ನನಗೂ ಯಾವ ಸಂಬಂಧವೂ ಇಲ್ಲವೆಂದು ಬೇಕಾದರೆ ನೂರು ರೂಪಾಯಿ ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿ, ನೋಟರಿ ಹಾಕಿಸಿ ಕೊಡುತ್ತೇನೆ. ನನ್ನನ್ನೂ ಯಾರೋ ದಾರಿಹೋಕ, ಜಮೀನಿನ ಮೇಲೆ ಕಣ್ಣಿಟ್ಟವನು ಎಂದೇ ಭಾವಿಸಿ, ಅಂಥವರಿಗೆ ತೋರುವ ಪ್ರೀತಿಯಲ್ಲಿ ಒಂದು ಪಾಲನ್ನು ಇತ್ತ ಕಡೆಗೂ ಹರಿಸಬೇಕು.

ಇಂತಿ ತಮ್ಮ ವಿಧೇಯ,
ಮೂರನೇ ವ್ಯಕ್ತಿಯ ಅಣ್ಣನ ಮಗ,
ಕುವೆಂಪುನಗರ, ಮೈಸೂರು.

ಲಗತ್ತು: ತಮ್ಮದೇ ಹಿಂಬರಹ (ಲ್ಯಾಮಿನೇಷನ್ ಸಹಿತ).

ವಿ.ಸೂ.: ಹೋದ ತಿಂಗಳು ಕೊಟ್ಟ ಮಾಹಿತಿ ಹಕ್ಕಿನ ಮೇಲ್ಮನವಿ ಎಲ್ಲಿದೆ ಎಂದು ತಮ್ಮ ಕಿಟಕಿಗಳಲ್ಲೆಲ್ಲ ಕೇಳಿದೆ, ಯಾರಿಗೂ ತಿಳಿಯದು. ಕೊನೆಗೆ ಆ ಹುಡುಗನಿಗೇ ಫೋನ್ ಮಾಡಿದೆ. "ಟಪಾಲಲ್ಲೇ ಐತೆ ಸಾರ್, ಇನ್ನೂ ನಂಬರ್ ಬಿದ್ದಿಲ್ಲ. ನಿಮ್ ಸೈನು ಎರಡನೇ ಪೇಜಲ್ಲಿ ಬಿಟ್ಟೋಗೈತೆ, ಬಂದು ಹಾಕೋಗಿ" ಅಂದ.