ಆನೆ ವಸ್ತುವೇ?

ದೊಡ್ಡಆಲಹಳ್ಳಿಯ ಕಿರಾಣಿ ಅಂಗಡಿ. ಹಿಂದುಗಡೆ ಮನೆ, ಪಕ್ಕದಲ್ಲಿ ರೇಷ್ಮೆ ಹುಳು ಮನೆ. ವಿಮೆ ಏಜೆಂಟ್ ಬಂದು ಕೂತಿದ್ದಾನೆ.

ಏಜೆಂಟ್: ಮನೆಗೆ ಭಾರತ್ ಗೃಹ ರಕ್ಷಾ, ಅಂಗಡಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ. 2021ರ ಏಪ್ರಿಲ್‌ನಿಂದ ಎಲ್ಲಾ ಕಂಪನಿಯಲ್ಲೂ ಒಂದೇ ನಮೂನೆ. ಮನೆ ಎಷ್ಟಕ್ಕೆ?

ಯಜಮಾನ: ಒಂದೂವರೆ ಕೋಟಿ ಬರ್ಕೊಳಿ.

ಏಜೆಂಟ್: ಈ ಹೆಂಚಿನ ಮನೆಗಾ?

ಯಜಮಾನ: 2025ರಲ್ಲಿ ನಮ್ಮ ರಾಮನಗರ ಜಿಲ್ಲೆ ಹೆಸರು ಬೆಂಗಳೂರು ದಕ್ಷಿಣ ಆಗ್ಲಿಲ್ವಾ? ಅವತ್ತಿಂದ ರೇಟೇ ಬೇರೆ.

ಏಜೆಂಟ್: ಅದು ಸೈಟಿನ ರೇಟು. ಮಣ್ಣು ಸುಟ್ಟುಹೋಗಲ್ಲ. ಬಿದ್ದರೆ ಮತ್ತೆ ಕಟ್ಟೋ ಖರ್ಚಿಗಷ್ಟೇ ವಿಮೆ.

(ಬೋರ್ಡು ಬದಲಾದರೆ ಗೋಡೆಗೂ ಬೆಲೆ ಬರುತ್ತದೆಂದು ನಂಬಿದವರು ಈ ಊರಲ್ಲಿ ಇವರೊಬ್ಬರೇ ಅಲ್ಲ.)

ಯಜಮಾನ: ಕಂತು ಎಷ್ಟು?

ಏಜೆಂಟ್: ಸೈಟ್ ಬಿಟ್ಟು ಕಟ್ಟಡದ್ದು ಮಾತ್ರ...

ಯಜಮಾನ: ಹಂಗಾದ್ರೆ ಮನೆ ಎಂಟು ಲಕ್ಷ ಅಂತ ಬರ್ಕೊಳಿ. ಬಡವನ ಮನೆ ಸ್ವಾಮಿ.

ಏಜೆಂಟ್: 2022ರಲ್ಲಿ ರಾಮನಗರಕ್ಕೆ ನೀರು ನುಗ್ಗಿದ್ದು ನೋಡಿಲ್ವಾ? ಪ್ರವಾಹಕ್ಕೂ ಬರುತ್ತೆ.

ಯಜಮಾನ: ಕಳ್ಳತನಕ್ಕೆ?

ಏಜೆಂಟ್: ಬೆಂಕಿಯೋ ಪ್ರವಾಹವೋ ಆದ ಏಳು ದಿನದೊಳಗೆ, ಅದರಿಂದಲೇ ಆದದ್ದಾದ್ರೆ.

ಯಜಮಾನ: ಒಂದು ಪ್ರತಿ ಕಳ್ಳಂಗೂ ಕೊಡಿ, ಪಾಪ, ದಿನ ನೋಡ್ಕೊಂಡು ಬರ್ಲಿ. ಆನೆ ಬಂದು ಗೋಡೆ ಗುದ್ದಿದ್ರೆ?

ಏಜೆಂಟ್: ಹೊರಗಿನ ವಸ್ತು ಡಿಕ್ಕಿ ಹೊಡೆದ್ರೆ ಬರುತ್ತೆ.

ಯಜಮಾನ: ಆನೆ ವಸ್ತುವಾ?

ಏಜೆಂಟ್: (ಹಾಳೆ ತಿರುವುತ್ತ) ಸರ್ವೇಯರ್ ಬಂದು ಹೇಳ್ತಾರೆ.

ಯಜಮಾನ: ಯಾರಿಗೆ, ನನಗೋ ಆನೆಗೋ?