ಬಾನೆಟ್ ರಾಯರು

ಬಸವೇಶ್ವರನಗರದ ಯಾವ ಅಡ್ಡರಸ್ತೆಯಲ್ಲಾದರೂ ಸರಿ, ಕಾರಿನ ಬಾನೆಟ್ ಎತ್ತಿ ಕಡ್ಡಿ ಆನಿಸುವಷ್ಟರಲ್ಲಿ ರಾಯರು ಹಾಜರ್. ಕೈಯಲ್ಲಿ ಹಾಲಿನ ಪ್ಯಾಕೆಟ್ಟು, ಮೂಗಿನ ತುದಿಯಲ್ಲಿ ಕನ್ನಡಕ. ರಾಜಾಜಿನಗರದ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿದ್ದು ರಿಟೈರ್ ಆದವರು. ವರ್ಷ ಕಳೆದಂತೆ ಸ್ಟೋರ್ಸ್ ಎಂಬುದು ಉದುರಿಹೋಗಿ ಈಗ ಬರೀ ‘ಫ್ಯಾಕ್ಟರಿಯಲ್ಲಿದ್ದೆ’ ಉಳಿದಿದೆ.

“ಸೆಲ್ಫ್ ಹೊಡೀತಿದ್ಯಾ?”

ಪ್ರಶ್ನೆ ಸರಿಯಾದದ್ದೇ. ಕೀ ತಿರುಗಿಸಿದಾಗ ಟಕ್ ಎಂದು ಸುಮ್ಮನಾದರೆ ಬ್ಯಾಟರಿ, ಟರ್ಮಿನಲ್ಲು, ಅರ್ತ್ ವೈರು ನೋಡಬೇಕು. ಎಂಜಿನ್ ಗಿರಗಿರ ತಿರುಗಿಯೂ ಸ್ಟಾರ್ಟ್ ಆಗದಿದ್ದರೆ ಪೆಟ್ರೋಲು ಬರುತ್ತಿಲ್ಲ, ಇಲ್ಲವೇ ಕರೆಂಟು ಬರುತ್ತಿಲ್ಲ, ಅಥವಾ ಬಂದರೂ ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತಿದೆ. ಅದರಲ್ಲೂ ಗ್ಯಾರೇಜಿಗೆ ತಾನಾಗಿ ಓಡಿಬಂದ ಗಾಡಿ ರಿಪೇರಿಯಾದ ಮೇಲೆ ಮುನಿಸಿಕೊಂಡರೆ, ಮೆಕ್ಯಾನಿಕ್ ಎಲ್ಲಿ ಕೈಯಾಡಿಸಿದ್ದನೋ ಮೊದಲು ಅಲ್ಲೇ ಹುಡುಕಬೇಕು. ರಾಯರಿಗೆ ಇದು ಗೊತ್ತು. ಪಾಲಿಸುವುದಿಲ್ಲ. ಪಾಲಿಸಿದರೆ ಐದು ನಿಮಿಷಕ್ಕೆ ಕೆಲಸ ಮುಗಿದು ಮನೆಗೆ ಹೋಗಬೇಕಾಗುತ್ತದಲ್ಲ!

ಆದ್ದರಿಂದ ಅವರು ಶುರು ಮಾಡುವುದು ತಮ್ಮ ಪ್ರೀಮಿಯರ್ ಪದ್ಮಿನಿಯಿಂದ. 1,089 ಸಿಸಿ ಎಂಜಿನ್ನು, ಸ್ಟೀರಿಂಗ್ ಪಕ್ಕದಲ್ಲೇ ಗೇರು. ಮಳೆಗಾಲದಲ್ಲಿ ಡೆಲ್ಕೋ ಕ್ಯಾಪಿನೊಳಗೆ ತೇವ ಕೂತರೆ ಬಿಚ್ಚಿ ಒರೆಸುವುದು, ಪಾಯಿಂಟಿಗೆ ಎಮೆರಿ ಕಾಗದ ಉಜ್ಜುವುದು, ಜೆ.ಸಿ. ರಸ್ತೆಗೆ ಹೋಗಿ ಕಂಡೆನ್ಸರ್ ತರುವುದು... ಕಾರಿನ ಮಾಲೀಕ ಆಫೀಸಿಗೆ ತಡವಾಯಿತೆಂದು ಗಡಿಯಾರ ನೋಡುತ್ತಾನೆ. ರಾಯರು ಇನ್ನೂ ಶೃಂಗೇರಿ ದಾರಿಯಲ್ಲಿದ್ದಾರೆ. ಘಾಟಿಯಲ್ಲಿ ಪೆಟ್ರೋಲ್ ಪಂಪು ಬಿಸಿಯಾಗಿ ನಿಂತದ್ದು, ಒದ್ದೆ ಬಟ್ಟೆ ಸುತ್ತಿದ್ದು ಬಾಕಿಯಿದೆ.

ಮೊನ್ನೆ ಎದುರುಮನೆಯವರ ಹಳೇ ಮಾರುತಿ 800ಕ್ಕೆ ಹೆಡ್ ಗ್ಯಾಸ್ಕೆಟ್ ಹಾಕಿದ್ದರು. ಕಾರ್ಬುರೇಟರ್ ಕಾಲದ ಗಾಡಿ. ಮತ್ತೆ ಜೋಡಿಸಿ ಸೆಲ್ಫ್ ಹೊಡೆದರೆ ಕೆಮ್ಮುತ್ತದೆ, ಕಾರ್ಬುರೇಟರಿನಿಂದ ಢಮ್ ಎನ್ನುತ್ತದೆ, ನಿಲ್ಲುತ್ತದೆ. “ತಳ್ಳಿದ್ರೆ ಆಗುತ್ತೆ” ಎಂದರು ರಾಯರು. ಎಳನೀರಿನವನೂ ಸೇರಿ ನಾಲ್ವರು ತಳ್ಳಿದರು. ರಾಯರು ಪಕ್ಕದಲ್ಲಿ ನಡೆಯುತ್ತಾ, “ಸೆಕೆಂಡ್ ಗೇರ್... ಹೂಂ, ಈಗ ಕ್ಲಚ್ ಬಿಡಿ!” ಎಂದರು. ಢಮ್. ಬೇವಿನ ಮರದ ಕಾಗೆಗಳೆಲ್ಲ ಎದ್ದವು.

ಆಗ ರಾಯರು ನಿಜಕ್ಕೂ ಪತ್ತೆ ಹಚ್ಚಿದರು. “ಪ್ಲಗ್ ವೈರು ಅದಲುಬದಲಾಗಿದೆ. ಫೈರಿಂಗ್ ಆರ್ಡರ್ ಒಂದು-ಮೂರು-ನಾಲ್ಕು-ಎರಡು. ಎಣಿಸ್ಕೋ ಮರಿ.”

ಗ್ಯಾರೇಜಿನ ಹುಡುಗ ಎಣಿಸಿದ. ರಾಯರೂ ಬಗ್ಗಿ ಎಣಿಸಿದರು. “ನಾಲ್ಕನೇದು ಎಲ್ಲೋ?”

“ಇದಕ್ಕೆ ಮೂರೇ ಸಿಲಿಂಡರ್ ಸಾರ್.”

1983ರ ಡಿಸೆಂಬರಿನಲ್ಲಿ ಮೊದಲ ಮಾರುತಿ 800 ರಸ್ತೆಗಿಳಿಯಿತು, 2014ರಲ್ಲಿ ತಯಾರಿಕೆ ನಿಂತಿತು. ಇಷ್ಟೂ ಕಾಲ ಅದರ ಬಾನೆಟ್ಟಿನೊಳಗೆ ಇಣುಕುತ್ತಲೇ ಬಂದ ರಾಯರಿಗೆ ಈ ಸುದ್ದಿ ತಲುಪಿರಲಿಲ್ಲ. ಹುಡುಗ ಎರಡು ವೈರು ಕಿತ್ತು ಒಂದು-ಮೂರು-ಎರಡು ಆಗುವಂತೆ ಸಿಕ್ಕಿಸಿದ; ಅರ್ಧ ಸೆಲ್ಫಿಗೇ ಗಾಡಿ ಎದ್ದಿತು. “ನಾನು ಹೇಳಿದ್ದೂ ಅದೇ” ಎಂದು ರಾಯರು ಹಾಲಿನ ಪ್ಯಾಕೆಟ್ಟು ಎತ್ತಿಕೊಂಡರು. ಪೂರಾ ಸುಳ್ಳೂ ಅಲ್ಲ ಬಿಡಿ.

ಈಚಿನ ಕಾರುಗಳ ಮೇಲೆ ಅವರಿಗೆ ಸಿಟ್ಟಿದೆ. ಬಾನೆಟ್ ಎತ್ತಿದರೆ ಕಪ್ಪು ಪ್ಲಾಸ್ಟಿಕ್ ಮುಚ್ಚಳ; ಬೆರಳು ಹಾಕಲು ಸಂದಿಲ್ಲ. ಹಾಗಾಗಿ ಎಲ್ಲದಕ್ಕೂ “ಸೆನ್ಸರ್ ಹೋಗಿದೆ” ಎನ್ನುವುದನ್ನು ರೂಢಿಸಿಕೊಂಡಿದ್ದಾರೆ. ತಮಾಷೆಯೆಂದರೆ ಅದೂ ಆಗಾಗ ನಿಜವಾಗುತ್ತದೆ: ರಿಪೇರಿ ಮಾಡಿದವನು ಕ್ರ್ಯಾಂಕ್ ಸೆನ್ಸರಿನ ಸಾಕೆಟ್ಟು ಸಿಕ್ಕಿಸಲು ಮರೆತಿದ್ದರೆ, ಎಂಜಿನ್ ತಿರುಗುತ್ತಿರುವುದೇ ಕಂಪ್ಯೂಟರಿಗೆ ತಿಳಿಯದೆ ಪೆಟ್ರೋಲೂ ಇಲ್ಲ, ಕಿಡಿಯೂ ಇಲ್ಲ.

ಪದ್ಮಿನಿ ಮಾರಿ ಎಷ್ಟೋ ಕಾಲವಾಯಿತು. 2021ರಲ್ಲಿ ಮೆಟ್ರೋ ಕೆಂಗೇರಿ ಮುಟ್ಟಿದ ಮೇಲೆ ಮಗಳ ಮನೆಗೆ ಅದರಲ್ಲೇ ಓಡಾಟ. ವಿಜಯನಗರದಲ್ಲಿ ಹತ್ತಿ, ಸೀಟು ಹಿಡಿದು, ಕಿವಿ ಓರೆ ಮಾಡಿ ಪಕ್ಕದವನಿಗೆ ಹೇಳುತ್ತಾರೆ: “ಎಡಗಡೆ ಬೇರಿಂಗ್ ಸದ್ದು ಕೇಳಿಸ್ತಾ? ನಮ್ಮ ಫ್ಯಾಕ್ಟರಿಯಲ್ಲಾಗಿದ್ರೆ...”